ಕಾಲೇಜುಗಳಲ್ಲಿ ಟೊರೆಂಟ್ ಬ್ಲಾಕ್ ಮಾಡಬೇಡಿ

ಮಾನ್ಯರೇ,

ಟೊರೆಂಟ್ (ಫೈಲ್ ಇಳಿಸಿಕೊಳ್ಳುವವರೇ ಅದನ್ನು ಪರಸ್ಪರ ಹಂಚಿಕೊಳ್ಳುವ ವಿಧಾನ) ಅಂದ ಕೂಡಲೇ ಕಳ್ಳ ಸಿನಿಮಾ ಎಂದು ಮೂಗು ಮುರಿಯುವವರೇ ಜಾಸ್ತಿ. ಬೇಸರವಾಗುತ್ತದೆ. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಹೊರೆ ಹಂಚುವ ರೀತಿ ನೋಡಿ. ದೊಡ್ಡ ಫೈಲನ್ನು ಚೂರು ಮಾಡಿ, ಯಾವ ಚೂರು ಅತಿ ಕಡಿಮೆ ಜನರ ಬಳಿ ಇದೆಯೋ ಅದನ್ನೇ ಮೊದಲು ತರಿಸಿಕೊಳ್ಳುತ್ತದೆ, ಹಾಗಾಗಿ ಯಾರೋ ಒಬ್ಬರು ಕಂಪ್ಯೂಟರ್ ಆಫ್ ಮಾಡಿ ಹೋದರೂ ಅದು ಬೇರೆಯವರ ಹತ್ತಿರ ಸಿಗುತ್ತದೆ. ಕೊಟ್ಟವರಿಗೆ ಹೆಚ್ಚು ಸಿಗುತ್ತದೆ. ನಮ್ಮೂರಿನ ಮುಯ್ಯಾಳಿನ ಲೆಕ್ಕವೇ, ಅಲ್ವಾ?

ಮೊನ್ನೆ ನಮ್ಮ ಕಾಲೇಜು ಲ್ಯಾಬಿನ 20 ಕಂಪ್ಯೂಟರಿಗೆ ಡೆಬಿಯನ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಬೇಕಿತ್ತು. ಎಲ್ಲರೂ ಒಟ್ಟಿಗೆ ಡೌನ್‌ಲೋಡ್ ಒತ್ತಿದಾಗ ಶೇ 12ಕ್ಕೇ ನಿಂತಿತು. ಡೆಬಿಯನ್‌ನವರೇ ಕೊಡುವ ಟೊರೆಂಟ್ ಹಾಕಿದೆವು. ಪಕ್ಕದ ಮೇಜಿನಿಂದಲೇ ಚೂರುಗಳು ಬರತೊಡಗಿದವು! ಇಳಿಸಿಕೊಂಡವರು ದಯವಿಟ್ಟು ಟೊರೆಂಟನ್ನು ತಕ್ಷಣ ಮುಚ್ಚಬೇಡಿ, ಬೇರೆಯವರಿಗೂ ಚೂರು ಸಿಗಲು ಸ್ವಲ್ಪ ಹೊತ್ತು ಹಾಗೇ ಬಿಡಿ.

– ಲ್ಯಾಬ್ ಸಹಾಯಕ, ಹಾಸನ