ಹೆರಿಗೆ ಹೊತ್ತಿಗೆ ನಿಮ್ಮ ಮಾತೂ ಮುಖ್ಯ

ಅಕ್ಕಂದಿರೇ, ಈ ಮಳೆಗಾಲಕ್ಕೆ ದಿನ ತುಂಬುವವರು ಗುಂಪಿನಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಈ ಸೂಚನೆ.

ಹೆರಿಗೆ ನೋವು ಬಂದಾಗ ಮಲಗೇ ಇರಬೇಕು ಅಂತೇನಿಲ್ಲ. ಓಡಾಡಬಹುದು, ಕೂರಬಹುದು. ಗರ್ಭದ ಬಾಯಿ ಗಂಟೆಗೆ 1 ಸೆಂ.ಮೀ. ತೆರೆಯಲಿಲ್ಲ ಅನ್ನುವುದೊಂದೇ ಹೆರಿಗೆಯನ್ನು ಅವಸರ ಮಾಡಿಸಲು ಕಾರಣವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಎಲ್ಲರ ಮೈಯೂ ಒಂದೇ ಥರ ಇರಲ್ಲ, ಅಲ್ವಾ? ಹೆರಿಗೆ ಜಾಗ ಕೊಯ್ಯುವ ಮೊದಲು ಯಾಕೆ ಅಂತ ಕೇಳಿ. ಜೊತೆಗೆ ಯಾರಿರಬೇಕು ಅಂತ ನೀವೇ ಹೇಳಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆ ಸುಧಾರಿಸುವ ಲಕ್ಷ್ಯ ಕಾರ್ಯಕ್ರಮದಲ್ಲೂ ಅದಕ್ಕೆ ಅವಕಾಶವಿದೆ. (ಅತ್ತೆ ಬೇಸರ ಮಾಡಿಕೊಂಡರೆ ಆಮೇಲೆ ನೋಡೋಣ.)

ಆದರೆ ರಕ್ತ ಹೋದರೆ, ಮಗು ಅಲುಗಾಡುವುದು ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಸುಮ್ನೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಗುಂಬೆ, ಹೊಸನಗರ ಕಡೆಯವರು ಮರ ಬಿದ್ದು ದಾರಿ ಕಟ್ಟುವ ಮೊದಲೇ ಹೊರಡಿ. ತಾಯಿ ಕಾರ್ಡ್ ಚೀಲದಲ್ಲಿರಲಿ.