ಡಿಫೆನ್ಸ್ ಮುಗೀತು, ಥ್ಯಾಂಕ್ಸ್ ಹೇಳ್ದೆ ಇದ್ರೆ ನಿದ್ದೆ ಬರಲ್ಲ

ಶುಕ್ರವಾರ ನನ್ನ ಪಿಎಚ್‌ಡಿ ಡಿಫೆನ್ಸ್ ಆಯ್ತು. ಐದೂವರೆ ವರ್ಷ ಮಾಡಿದ್ದು ಒಂದೇ ಕೆಲಸ, ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಇಟ್ಟು ಯಟರ್ಬಿಯಂ ಹರಳಿನ ಲೇಸರ್‌ನಿಂದ 100 ಫೆಮ್ಟೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗ) ಆಸುಪಾಸಿನ ಪಲ್ಸ್, ಅಂದ್ರೆ ಬೆಳಕಿನ ಮಿಡಿತ, ತೆಗೆಯೋದು. ಅಷ್ಟು ಹೊತ್ತಲ್ಲಿ ಬೆಳಕೇ ಓಡೋದು 30 ಮೈಕ್ರಾನ್, ಕೂದಲೆಳೆ ದಪ್ಪಕ್ಕಿಂತ ಕಮ್ಮಿ.

ಮೊದಲ ಥ್ಯಾಂಕ್ಸ್ ಕೆಮಿಸ್ಟ್ರಿ ಲ್ಯಾಬಿನ ಅಕ್ಕಂಗೆ. ಎರಡನೇ ವರ್ಷ ಎಂಟು ತಿಂಗಳು ನಂಗೆ ಏನೂ ಬರ್ಲಿಲ್ಲ, ಆಸಿಲೋಸ್ಕೋಪ್ ಪರದೇಲಿ ಪಲ್ಸುಗಳು ಒಂದೇ ಎತ್ತರದಲ್ಲಿ ನಿಲ್ಲೋ ಬದ್ಲು ಗುಡ್ಡಗುಡ್ಡವಾಗಿ ಎದ್ದು ಬೀಳೋವು, ಆ ಏಟಿಗೆ ನ್ಯಾನೋಟ್ಯೂಬ್ ಇರೋ ಫಿಲ್ಮೇ ಸುಟ್ಟು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸೂಜಿಮೊನೆಯಷ್ಟು ತೂತು. ನಾನು ಕನ್ನಡಿ ತಿರುಗಿಸ್ತಾ ಕೂತಿದ್ದೆ. ಅಕ್ಕ ಬಂದು ಫಿಲ್ಮ್ ಬೆಳಕಿಗೆ ಹಿಡಿದು ನೋಡಿ "ಇದ್ರಲ್ಲಿ ಗಂಟಿದೆ ಕಣೋ" ಅಂದ್ರು. ನಿಜ, ಟ್ಯೂಬುಗಳು ಒಂದಕ್ಕೊಂದು ಅಂಟ್ಕೊಂಡು ಬೆಳಕನ್ನ ಚೆದುರಿಸ್ತಿದ್ವು. ಫೈಬರ್ ಲೇಸರ್‌ಗೆ (ಗಾಜಿನ ಎಳೆಯ ಲೇಸರ್) ಗೇನ್, ಅಂದ್ರೆ ಒಂದು ಸುತ್ತಲ್ಲಿ ಬೆಳಕು ಹೆಚ್ಚೋದು, ಜಾಸ್ತಿ, ಅಷ್ಟು ನಷ್ಟ ತಡ್ಕೊಳ್ಳುತ್ತೆ, ಹರಳಿನ ಲೇಸರ್‌ಲ್ಲಿ ಒಂದು ಸುತ್ತಿಗೆ ಸಿಗೋದೇ ಕೆಲವು ಪರ್ಸೆಂಟು, ಫಿಲ್ಮೇ ಅದನ್ನ ತಿಂದ್ರೆ ಉಳಿಯೋದೇನು? ಅಕ್ಕ ಅವ್ರ ಕೆಲಸ ಬಿಟ್ಟು ಗಂಟೆಗಟ್ಟಲೆ ಅಲ್ಟ್ರಾಸೌಂಡ್ ಕೊಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ಮಾತ್ರ ತೆಗೆದು, ಪಿಎಂಎಂಎ (ಪಾರದರ್ಶಕ ಪ್ಲಾಸ್ಟಿಕ್) ಜೊತೆ ಗಾಜಿನ ಮೇಲೆ ತೆಳ್ಳಗೆ ಹರಡಿ ಕೊಟ್ರು. ಆಮೇಲೆ ನಷ್ಟ ಒಂದು ಪರ್ಸೆಂಟಿಗಿಂತ ಕೆಳಗೆ ಇಳೀತು.

ಆ ರಾತ್ರಿ ಸ್ಕೋಪಲ್ಲಿ ಗುಡ್ಡ ಎಲ್ಲ ಹೋಗಿ ಪಲ್ಸ್ ಸಾಲು ಒಂದೇ ಮಟ್ಟಕ್ಕೆ ನಿಂತಿದ್ದು ನೋಡಿ ಕಣ್ಣು ತುಂಬ್ಕೊಂಡು ಬಂತು. ಮಂದ ಬೆಳಕನ್ನ ಟ್ಯೂಬು ಹೀರುತ್ತೆ, ಜೋರಾಗಿ ಬಂದ ಬೆಳಕಿಗೆ ದಾರಿ ಬಿಡುತ್ತೆ, ಒಂದು ಪಿಕೋಸೆಕೆಂಡ್ (ಸಾವಿರ ಫೆಮ್ಟೋಸೆಕೆಂಡ್) ಕಳೆಯೋದ್ರೊಳಗೆ ಮತ್ತೆ ಹೀರೋಕೆ ರೆಡಿ, ಹೀಗೆ ಸುತ್ತಿ ಸುತ್ತಿ ಜೋರಿನ ಪಲ್ಸೇ ಉಳಿಯೋದು. ಎಷ್ಟೋ ಸಲ ಓದಿದ್ದೆ, ಅವತ್ತು ಕಣ್ಣಾರೆ ಕಂಡೆ.

ನಮ್ಮ ಗೈಡ್ ಸರ್‌ಗೆ, ಆ ಎಂಟು ತಿಂಗಳಲ್ಲಿ ಒಂದು ದಿನವೂ ಟಾಪಿಕ್ ಬದಲಾಯ್ಸು ಅನ್ಲಿಲ್ಲ, ಅದಕ್ಕೆ ತುಂಬಾ ಋಣಿ. ವರ್ಕ್‌ಶಾಪ್ ಅಣ್ಣಂಗೂ. ಮುಖ ನೋಡದೇ ಇರೋ ಗುರುಗಳೂ ಇದಾರೆ, 2003ರಲ್ಲಿ ಫೈಬರ್ ಲೇಸರ್‌ಲ್ಲಿ ನ್ಯಾನೋಟ್ಯೂಬಿಂದ ಪಲ್ಸ್ ತೆಗೆಯೋದನ್ನ ಮೊದ್ಲು ಮಾಡಿ ತೋರ್ಸಿದ ಸೆಟ್ ಅನ್ನೋ ವಿಜ್ಞಾನಿ ಮತ್ತು ಯಮಾಶಿತಾ ಅವರ ತಂಡ, 2005ರಲ್ಲಿ ಎರ್ಬಿಯಂ-ಯಟರ್ಬಿಯಂ ಗಾಜಿನ ಲೇಸರ್‌ಲ್ಲಿ 68 ಫೆಮ್ಟೋಸೆಕೆಂಡ್ ತೆಗೆದ ಶಿಬ್ಲಿ ತಂಡ, ಆಮೇಲೆ ಕೊರಿಯಾದ ರೋಟರ್ಮುಂಡ್ ಮತ್ತು ಬರ್ಲಿನ್ನಿನ ಮ್ಯಾಕ್ಸ್ ಬಾರ್ನ್ ಇನ್‌ಸ್ಟಿಟ್ಯೂಟ್‌ನವರು. ಅವರ ಪೇಪರ್ ಪ್ರಿಂಟ್‌ಗಳು ಓದಿ ಓದಿ ಅಂಚು ಹರಿದಿವೆ.

ಅಕ್ಕ, ಆ ಗಾಜಿನ ಚೂರು ನಿಮ್ಮ ಕೈಬರಹದ ಲೇಬಲ್ ಜೊತೆ ಡಬ್ಬಿಲಿ ಹಾಗೇ ಇದೆ. ಸೋಮವಾರ ಜೂನಿಯರ್ ಕೈಗೆ ಕೊಡ್ತಿದೀನಿ, ಅಸಿಟೋನ್ ಮುಟ್ಟಿಸ್ಬೇಡ, ಪಿಎಂಎಂಎ ಕರಗಿ ಹೋಗುತ್ತೆ ಅಂತ ಹೇಳಿ.