ಒಂದೇ ಅಂಕಿ ಕೇಳುತ್ತಾರೆ, ಕೊಡಬೇಡ

ಚಿ. ಅನುಗೆ ಮಾವನ ಆಶೀರ್ವಾದಗಳು.

ನೀನು ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯಕ್ಕೆ ಭವಿಷ್ಯ ಅಧ್ಯಯನ ಓದಲು ಹೊರಟಿದ್ದೀಯ ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಹೇಳಿ, "ಹಂಗಂದ್ರ ಜ್ಯೋತಿಷ್ಯ ಏನಣ್ಣಾ?" ಅಂತ ನನ್ನನ್ನೇ ಕೇಳಿದಳು. ನಕ್ಕುಬಿಟ್ಟೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಮುಂದೆ ಏನೇನು ಆಗಬಹುದು ಅಂತ ಯೋಚಿಸುವ ಓದು ಅದು. ಸರ್ವೀಸ್ ಪೂರ್ತಿ ನಾನು ಮಾಡಿದ್ದೂ ಹೆಚ್ಚುಕಮ್ಮಿ ಅದೇ ಕೆಲಸ ಅಲ್ವಾ?

ಒಂದು ಊರಿಗೆ ನೀರಿನ ಯೋಜನೆ ಮಾಡಬೇಕೆಂದರೆ ಮೊದಲು ಬೇಕಾಗುವುದು ಮೂವತ್ತು ವರ್ಷ ಆಚೆಗಿನ ಜನಸಂಖ್ಯೆ. ಹಳೆಯ ಜನಗಣತಿ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತೇವೆ. ಅರಿತ್ಮೆಟಿಕಲ್ ಮೆಥಡ್ಡಿನಲ್ಲಿ ಹತ್ತು ಹತ್ತು ವರ್ಷಕ್ಕೆ ಅಷ್ಟಷ್ಟೇ ಜನ ಕೂಡುತ್ತಾರೆ. ಜಿಯೊಮೆಟ್ರಿಕಲ್‌ನಲ್ಲಿ ಚಕ್ರಬಡ್ಡಿಯ ಹಾಗೆ ಬೆಳೆಯುತ್ತಾರೆ. ಇನ್‌ಕ್ರಿಮೆಂಟಲ್ ಅಂತ ಮೂರನೆಯದು, ಬಹಳ ಸಲ ಇವೆರಡರ ನಡುವೆ ನಿಲ್ಲುತ್ತದೆ. ಊರು ಒಂದು, ಉತ್ತರ ಮೂರು. ಒಮ್ಮೆ ನಾನು ಮೂರನ್ನೂ ಪಕ್ಕಪಕ್ಕದ ಕಾಲಂನಲ್ಲಿ ಬರೆದೆ. ಯಾವುದು ಯಾವ ಪರಿಸ್ಥಿತಿಯಲ್ಲಿ ನಿಜವಾಗಬಹುದು ಅಂತ ಅರ್ಧ ಪುಟ ಟಿಪ್ಪಣಿಯನ್ನೂ ಹಾಕಿದೆ. ಸಾಹೇಬರು ಕೆಂಪು ಪೆನ್ನಿನಲ್ಲಿ ಎರಡು ಕಾಲಂ ಹೊಡೆದುಹಾಕಿದರು. "ಮೇಲಿನವರಿಗೆ ಇಷ್ಟೆಲ್ಲ ತೋರಿಸಬೇಡ್ರಿ. ಒಂದ್ ನಂಬರ್ ಕೊಡ್ರಿ ಸಾಕು." ಉಳಿದದ್ದು ಚಿಕ್ಕ ಅಂಕಿ. ಅದಕ್ಕೆ ತಕ್ಕ ಪೈಪು, ಅದಕ್ಕೆ ತಕ್ಕ ಟ್ಯಾಂಕು. ಬಜೆಟ್ಟಿಗೂ ಸರಿಹೋಯಿತು. ನಾನೂ ಸುಮ್ಮನಿದ್ದೆ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಊರಿನ ಹೊಸ ಬಡಾವಣೆಗಳಲ್ಲಿ ನೀರಿನ ಟ್ಯಾಂಕರ್ ಓಡಾಡತೊಡಗಿತು. ಈಗಲೂ ಆ ಕಡೆ ಹೋದರೆ, ಕೊಡ ಸಾಲಿಟ್ಟ ಬೀದಿಗಳಲ್ಲಿ ತಲೆ ತಗ್ಗಿಸಿಯೇ ನಡೆಯುತ್ತೇನೆ.

ನೀನು ಓದು ಮುಗಿಸಿ ಯಾವ ಸರಕಾರದ ಜೊತೆ ಕೆಲಸ ಮಾಡಿದರೂ ನಿನ್ನನ್ನೂ ಒಂದೇ ಅಂಕಿ ಕೇಳುತ್ತಾರೆ. ಕೊಡಬೇಡ. ಮೈಲಾರದ ಕಾರ್ಣಿಕ ನೆನಪಿದೆಯಾ? ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆ. ಗೊರವಯ್ಯ ಬಿಲ್ಲೇರಿ "ಸದ್ದಲೇ!" ಅಂದದ್ದೇ ತಡ, ಅಷ್ಟೂ ಜನ ಗಪ್‌ಚಿಪ್. ಒಂದೇ ಸಾಲು ನುಡಿದು ಮೇಲಿಂದ ಬಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಆ ಸಾಲಿಗೆ ರೈತರು ಮಳೆ ಅಂದರು, ಪಕ್ಷದವರು ಕುರ್ಚಿ ಅಂದರು, ಹಿಂದಿನ ಸೀಟಿನ ವ್ಯಾಪಾರಿ ಮೆಣಸಿನಕಾಯಿ ರೇಟು ಅಂದ. ಇದೇ ಜನ ಸರಕಾರಿ ವರದಿಯ ಅಂಕಿಗೆ ಮಾತ್ರ ಎರಡನೇ ಅರ್ಥ ಕೇಳುವುದಿಲ್ಲ.

ಅಂಕಿಯ ಬದಲು ಕಥೆಗಳನ್ನು ಕೊಟ್ಟವರು ದಕ್ಷಿಣ ಆಫ್ರಿಕಾದಲ್ಲಿದ್ದಾರೆ. 1991ರಲ್ಲಿ ನೆಲ್ಸನ್ ಮಂಡೇಲಾ ಜೈಲಿನಿಂದ ಹೊರಬಂದಿದ್ದರು, ಚುನಾವಣೆ ಮಾತ್ರ ಇನ್ನೂ ಆಗಿರಲಿಲ್ಲ. ಆಗ ಕೇಪ್ ಪ್ರಾಂತ್ಯದ ಮಾಂಟ್ ಫ್ಲೋರ್ ಎಂಬಲ್ಲಿ 22 ಜನ ಕೂತರು. ಒಬ್ಬರಿಗೊಬ್ಬರು ಆಗಿಬರದ ಪಾಳೆಯದವರು. ಕೂತು ನಾಲ್ಕು ಕಥೆ ಕಟ್ಟಿದರು. ಉಷ್ಟ್ರಪಕ್ಷಿ: ಬಿಳಿಯರ ಸರಕಾರ ಮರಳಿನಲ್ಲಿ ತಲೆ ಹುದುಗಿಸಿ ಮಾತುಕತೆಯೇ ಬೇಡ ಅನ್ನುವುದು. ಕುಂಟು ಬಾತುಕೋಳಿ: ಕೈಕಾಲು ಕಟ್ಟಿದ ಸರಕಾರ ವರ್ಷಗಟ್ಟಲೆ ತೆವಳುವುದು. ಇಕಾರಸ್: ಹೊಸ ಸರಕಾರ ಕೈಬಿಚ್ಚಿ ಖರ್ಚು ಮಾಡಿ, ಗ್ರೀಕರ ಕಥೆಯ ಹುಡುಗನ ಹಾಗೆ ಮೇಲಕ್ಕೆ ಹಾರಿ ಕೆಳಕ್ಕೆ ಬೀಳುವುದು. ಕೊನೆಯದು ಫ್ಲೆಮಿಂಗೋ ಹಿಂಡು: ನಿಧಾನ, ಆದರೆ ಎಲ್ಲರೂ ಒಟ್ಟಿಗೆ. ಇಂಥದ್ದೇ ಆಗುತ್ತದೆ ಅಂತ ಅವರು ಎಲ್ಲೂ ಹೇಳಲಿಲ್ಲ. 1992ರಲ್ಲಿ ಅದನ್ನು ಪತ್ರಿಕೆಯ ಪುರವಣಿಯಾಗಿ ಹಂಚಿದರು.

ಆ ಕೋಣೆಯಲ್ಲಿದ್ದ ಟ್ರೆವರ್ ಮ್ಯಾನುಯೆಲ್ 1996ರಲ್ಲಿ ಹಣಕಾಸು ಸಚಿವರಾದರು. ಟಿಟೊ ಎಂಬೊವೆನಿ ಮುಂದೆ ಅಲ್ಲಿನ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಇಬ್ಬರೂ ಖರ್ಚಿನ ವಿಷಯದಲ್ಲಿ ಕೈ ಬಿಗಿ ಹಿಡಿದವರು. ನನಗೆ ಅನುಮಾನ ಇರುವುದು ಇಲ್ಲೇ. ನಾಲ್ಕು ಕಥೆಗಳಲ್ಲಿ ಬೇರು ಬಿಟ್ಟದ್ದು ಇಕಾರಸ್‌ನ ಭಯವೇ ಜಾಸ್ತಿ ಅನ್ನಿಸುತ್ತದೆ. ಅಲ್ಲಿ ಇವತ್ತಿಗೂ ದುಡಿಯಲು ಸಿದ್ಧರಿರುವ ಮೂವರಲ್ಲಿ ಹತ್ತಿರಹತ್ತಿರ ಒಬ್ಬರಿಗೆ ಕೆಲಸವಿಲ್ಲ. ಖರ್ಚಿಗೆ ಹೆದರಿ ಕೂತರೆ ಏನಾಗುತ್ತದೆ ಅಂತ ಐದನೇ ಕಥೆ ಯಾರಾದರೂ ಹೇಳಿದ್ದರೆ? ಕಥೆ ಕಟ್ಟುವಾಗ ಕೋಣೆಯಲ್ಲಿ ಯಾರಿಲ್ಲ ಅನ್ನುವುದನ್ನು ಮೊದಲು ಬರೆದುಕೋ. ನನ್ನ ಮೂರು ಕಾಲಂಗಳಲ್ಲೂ ಕೊಡ ಹಿಡಿದವರು ಇರಲಿಲ್ಲ, ಬರೀ ತಲೆಯೆಣಿಕೆ ಇತ್ತು.

ನೀನು ಹೋಗುವ ದೇಶದಲ್ಲಿ ಭವಿಷ್ಯದ ವಿಚಾರಕ್ಕೆಂದೇ ಸಂಸತ್ತಿನ ಸಮಿತಿ ಇದೆ, 17 ಸದಸ್ಯರದು. ಆರ್ಥಿಕ ಕುಸಿತದ ಕಾಲದಲ್ಲಿ, 1993ರಲ್ಲಿ ತಾತ್ಕಾಲಿಕ ಅಂತ ಮಾಡಿದರು, 2000ದಲ್ಲಿ ಕಾಯಂ ಆಯಿತು. ಪ್ರತಿ ಸರಕಾರ ತನ್ನ ಅವಧಿಯಲ್ಲೊಮ್ಮೆ ಭವಿಷ್ಯದ ವರದಿ ಕೊಡಬೇಕು, ಈ ಸಮಿತಿ ಅದಕ್ಕೆ ಉತ್ತರ ಬರೆಯುತ್ತದೆ. ಹೆಲ್ಸಿಂಕಿಗೆ ತುರ್ಕುವಿನಿಂದ ರೈಲಿನಲ್ಲಿ ಎರಡು ಗಂಟೆಯಂತೆ. ಒಮ್ಮೆ ಹೋಗಿ ಬಾ. ಬ್ರಿಟನ್ನಿನ ವೇಲ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ. 2015ರ ಕಾನೂನಿನ ಪ್ರಕಾರ ಅಲ್ಲಿ ಇನ್ನೂ ಹುಟ್ಟಬೇಕಾದ ಮಕ್ಕಳ ಪರವಾಗಿ ಮಾತಾಡಲು ಒಬ್ಬ ಆಯುಕ್ತರಿದ್ದಾರೆ. ನ್ಯೂಪೋರ್ಟ್ ಊರಿನ ಪಕ್ಕ ಹೊಸ ಹೆದ್ದಾರಿ ಬೇಡ ಅಂತ ಅವರು ಪಟ್ಟು ಹಿಡಿದಿದ್ದರು. 2019ರಲ್ಲಿ ಅಲ್ಲಿನ ಸರಕಾರ ಅದನ್ನು ಕೈಬಿಟ್ಟಿತು. ಆಯುಕ್ತರ ಮಾತೊಂದರಿಂದಲೇ ಅಲ್ಲ, ದುಡ್ಡೂ ಕಾರಣ. ತಡೆಯುವ ಅಧಿಕಾರ ಅವರಿಗಿಲ್ಲ. ಆದರೂ ಮಾತು ಕಡತದಲ್ಲಿ ಉಳಿಯಿತಲ್ಲ! ನನ್ನ ಅರ್ಧ ಪುಟಕ್ಕೆ ಆ ಭಾಗ್ಯವೂ ಇರಲಿಲ್ಲ.

ಅದರ ಕಾರ್ಬನ್ ಕಾಪಿ ಟ್ರಂಕಿನಲ್ಲಿ ಸಿಕ್ಕಿತು. ಈ ಪತ್ರದ ಜೊತೆ ಇಟ್ಟಿದ್ದೇನೆ. ಅಕ್ಷರ ಮಾಸಿದೆ, ಬೆಳಕಿಗೆ ಹಿಡಿದರೆ ಮೂರೂ ಕಾಲಂ ಕಾಣುತ್ತವೆ. ನಿಮ್ಮವ್ವನಿಗೆ ಸದ್ಯಕ್ಕೆ "ಹವಾಮಾನ ಇಲಾಖೆ ಥರಾ ಒಂದು ಓದು" ಅಂತ ಹೇಳಿ ತಪ್ಪಿಸಿಕೊಂಡಿದ್ದೇನೆ. ಸರಿಯಾಗಿ ನೀನೇ ಹೇಳು.

ಇಂತಿ,
ನಿನ್ನ ಮಾವ